ಜಿದ್ದಾಕ್ಕೆ ಆರು ಗಂಟೆ, ಮೀಕಾತ್ ಆಕಾಶದಲ್ಲೇ

ಉಮ್ರಾಕ್ಕೆ ಹೊರಟವರು “ಜಿದ್ದಾ ಎಷ್ಟು ದೂರ?” ಎಂದು ನಮ್ಮನ್ನು ಕೇಳುವುದುಂಟು. ಬೆಂಗಳೂರಿನಿಂದ ನೇರ ಅಳತೆಯಲ್ಲಿ ಸುಮಾರು 4,200 ಕಿಲೋಮೀಟರ್. ನೇರ ವಿಮಾನಕ್ಕೆ ಹೆಚ್ಚುಕಡಿಮೆ ಆರು ಗಂಟೆ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಹಿಂದೆ. ಬೆಳಿಗ್ಗೆ 10ಕ್ಕೆ ಹೊರಟರೆ, ಇಳಿಯುವಾಗ ಅಲ್ಲಿ ಮಧ್ಯಾಹ್ನ 1:30. ನಮಾಝಿನ ವೇಳೆಯನ್ನು ಕೈಗಡಿಯಾರ ನೋಡಿ ನಿರ್ಧರಿಸಬಾರದು.

ನಮ್ಮ ಹಿರಿಯರು ಮುಂಬಯಿಯಿಂದ ಹಡಗಿನಲ್ಲಿ ವಾರಕ್ಕೂ ಹೆಚ್ಚು ದಿನ ಸಾಗುತ್ತಿದ್ದರು. ಯಲಮ್‌ಲಮ್‌ನ ನೇರಕ್ಕೆ ಬರುವಷ್ಟರಲ್ಲಿ ಇಹ್ರಾಮ್‌ಗೆ ಸಿದ್ಧರಾಗಲು ಸಾಕಷ್ಟು ಸಮಯವಿರುತ್ತಿತ್ತು. ಇಂದಿನ ವಿಮಾನ ಗಂಟೆಗೆ 800 ಕಿಲೋಮೀಟರಿಗೂ ಮಿಗಿಲಾದ ವೇಗದಲ್ಲಿ ಹಾರುತ್ತದೆ. ಅಂದರೆ ನಿಮಿಷಕ್ಕೆ 13 ಕಿಲೋಮೀಟರಿಗೂ ಹೆಚ್ಚು. ಪ್ರವಾದಿ(ಸ) ನಿಗದಿಪಡಿಸಿದ ಮೀಕಾತ್, ಜಿದ್ದಾದಲ್ಲಿ ಇಳಿಯುವ ಮೊದಲೇ ದಾಟಿಹೋಗುತ್ತದೆ. ನಿದ್ದೆ ಹತ್ತಿದರೆ ಗೊತ್ತೇ ಆಗುವುದಿಲ್ಲ.

ಇಹ್ರಾಮ್ ಬಟ್ಟೆಯನ್ನು ದೊಡ್ಡ ಪೆಟ್ಟಿಗೆಯಲ್ಲಿಟ್ಟು ವಿಮಾನದ ಹೊಟ್ಟೆಗೆ ಕಳಿಸಿ, ಮೀಕಾತ್ ಬಂದಾಗ ಪೇಚಾಡಿದವರನ್ನು ನಾವು ಕಂಡಿದ್ದೇವೆ. ಆದ್ದರಿಂದ ಸ್ನಾನ ಮಾಡಿ, ಪುರುಷರು ಇಹ್ರಾಮ್ ಬಟ್ಟೆಯನ್ನು ಮನೆಯಲ್ಲೇ ಅಥವಾ ವಿಮಾನ ನಿಲ್ದಾಣದಲ್ಲೇ ಉಟ್ಟುಕೊಳ್ಳಲಿ. ಮೀಕಾತ್ ಸಮೀಪಿಸಿದ ಘೋಷಣೆ ಬಂದೊಡನೆ ನಿಯ್ಯತ್ ಮಾಡಿ ತಲ್ಬಿಯಾ ಹೇಳಲಿ. ನಿದ್ದೆಯ ಭಯವಿದ್ದರೆ ಮೊದಲೇ ನಿಯ್ಯತ್ ಮಾಡಬಹುದು. ಬಟ್ಟೆ ಉಟ್ಟ ಮಾತ್ರಕ್ಕೆ ಇಹ್ರಾಮ್ ಆಗದು, ನಿಯ್ಯತ್ ಬೇಕು.

ನಿಯ್ಯತ್ ಇಲ್ಲದೆ ಮೀಕಾತ್ ದಾಟಿದವರು ಅಲ್ಲಿಗೆ ಮರಳಿ ಇಹ್ರಾಮ್ ಕಟ್ಟಬೇಕು. ಇಲ್ಲವಾದರೆ ಒಂದು ಆಡಿನ ಬಲಿ, ಅಂದರೆ ದಮ್ ಕಡ್ಡಾಯವಾಗುತ್ತದೆ. ವರ್ಷಗಟ್ಟಲೆ ಕೂಡಿಟ್ಟ ಹಣದಲ್ಲಿ ಹೊರಟ ಪಯಣವಿದು. ಹೊರಡುವ ಮುನ್ನ ಒಮ್ಮೆ ಮಸೀದಿಗೆ ಬಂದು ಕೇಳಿ ತಿಳಿದುಕೊಳ್ಳಿರಿ. ಅಲ್ಲಾಹನು ನಮ್ಮೆಲ್ಲರ ಉಮ್ರಾವನ್ನು ಸ್ವೀಕರಿಸಲಿ, ಆಮೀನ್.