ಒಂದೇ ಕಾಲು ಊದಿದೆಯೇ? ಎಣ್ಣೆ ಹಚ್ಚಿ ತಿಕ್ಕುವ ಮುನ್ನ ಇದನ್ನು ಓದಿ



ಹೃದಯದ ಡಾಕ್ಟರು ಕಾಲಿನ ಬಗ್ಗೆ ಯಾಕೆ ಬರೆಯುತ್ತಿದ್ದಾರೆ ಎಂದು ನಿಮಗೆ ಅನಿಸಬಹುದು. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಕಾಲಿನಲ್ಲೇ ಉಳಿಯುತ್ತದೆ ಎಂಬ ಖಾತ್ರಿ ಇಲ್ಲ, ಅದಕ್ಕೆ. ಅದರ ಒಂದು ತುಂಡು ಕಿತ್ತುಕೊಂಡು ಹೊರಟರೆ ಹೃದಯದ ಬಲಭಾಗಕ್ಕೆ ಬಂದು, ಅಲ್ಲಿಂದ ಶ್ವಾಸಕೋಶದ ರಕ್ತನಾಳಕ್ಕೆ ಹೋಗಿ ಸಿಕ್ಕಿಕೊಳ್ಳುತ್ತದೆ. ಇದನ್ನು ಪಲ್ಮನರಿ ಎಂಬಾಲಿಸಮ್ ಎನ್ನುತ್ತೇವೆ. ತುಂಡು ದೊಡ್ಡದಾಗಿದ್ದರೆ ನಿಮಿಷಗಳಲ್ಲಿ ಪ್ರಾಣ ಹೋಗಬಹುದು. ಹೀಗೆ ಎಮರ್ಜೆನ್ಸಿಗೆ ಬಂದವರ ಮನೆಯವರು ಆಮೇಲೆ ಹೇಳುವ ಮಾತನ್ನು ನಾನು ಎಷ್ಟೋ ಸಲ ಕೇಳಿದ್ದೇನೆ: "ನಾಲ್ಕು ದಿನದಿಂದ ಕಾಲು ನೋವು ಅಂತಿದ್ರು ಡಾಕ್ಟ್ರೇ, ಉಳುಕಿರಬೇಕು ಅಂದ್ಕೊಂಡ್ವಿ."

ನಮ್ಮ ಕಾಲಿನಲ್ಲಿ ರಕ್ತವನ್ನು ಹೃದಯಕ್ಕೆ ವಾಪಸ್ ತರುವ ನಾಳಗಳನ್ನು ಅಭಿಧಮನಿ, ಇಂಗ್ಲಿಷಿನಲ್ಲಿ ವೇನ್ ಎನ್ನುತ್ತಾರೆ. ಕೆಲವು ಚರ್ಮದ ಕೆಳಗೇ ಇವೆ, ಕೆಲವು ಮಾಂಸಖಂಡದ ಆಳದಲ್ಲಿವೆ. ಮೇಲಿನ ವೇನ್ ಉರಿಯೂತಗೊಂಡರೆ ಹಗ್ಗದ ಹಾಗೆ ಗಟ್ಟಿಯಾಗಿ, ಕೆಂಪಾಗಿ, ಮುಟ್ಟಿದರೆ ನೋಯುತ್ತದೆ. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡವರ ಕೈಯಲ್ಲಿ ಇದು ಸಾಮಾನ್ಯ, ಹೆಚ್ಚಾಗಿ ತಾನೇ ಇಳಿಯುತ್ತದೆ. ಆದರೆ ಕಾಲಿನಲ್ಲಿ ಇದು ಉದ್ದಕ್ಕೆ ಹಬ್ಬಿದ್ದರೆ, ಅಥವಾ ತೊಡೆಸಂದಿಯ ಕಡೆಗೆ ಏರುತ್ತಿದ್ದರೆ ಸ್ಕ್ಯಾನ್ ಮಾಡಿಸಲೇಬೇಕು. ಆಳದ ವೇನ್‌ನಲ್ಲಿ ಹೆಪ್ಪುಗಟ್ಟುವುದು ಡಿವಿಟಿ. ನಾವು ಹೆದರುವುದು ಇದಕ್ಕೆ.

ರಕ್ತ ಯಾಕೆ ಹೆಪ್ಪುಗಟ್ಟುತ್ತದೆ? 19ನೇ ಶತಮಾನದ ಜರ್ಮನ್ ವೈದ್ಯ ರುಡಾಲ್ಫ್ ವಿರ್ಕೋ ಅವರ ಹೆಸರಿನಲ್ಲಿ ನಮಗೆಲ್ಲ ಕಾಲೇಜಿನಲ್ಲಿ ಮೂರು ಕಾರಣ ಕಲಿಸುತ್ತಾರೆ. ರಕ್ತ ಹರಿಯದೆ ನಿಲ್ಲುವುದು, ನಾಳದ ಒಳಗೋಡೆಗೆ ಪೆಟ್ಟಾಗುವುದು, ರಕ್ತಕ್ಕೇ ಹೆಪ್ಪುಗಟ್ಟುವ ಗುಣ ಹೆಚ್ಚಾಗುವುದು. ಮೂರರಲ್ಲಿ ಒಂದೇ ಇದ್ದರೆ ದೇಹ ಹೇಗೋ ಸುಧಾರಿಸಿಕೊಳ್ಳುತ್ತದೆ. ಎರಡು ಮೂರು ಒಟ್ಟಿಗೆ ಸೇರಿದಾಗಲೇ ತೊಂದರೆ. ನಮ್ಮ ಮನೆಗಳಲ್ಲಿ ಇವು ಒಟ್ಟಿಗೆ ಸೇರುವ ಸಂದರ್ಭಗಳು ಯಾವುವು ಎಂದು ನೋಡೋಣ.

ಮೊದಲನೆಯದು ಬಾಣಂತನ. ಹೆರಿಗೆಯಲ್ಲಿ ಅತಿಯಾಗಿ ರಕ್ತ ಹೋಗದಿರಲಿ ಎಂದು ಪ್ರಕೃತಿಯೇ ಗರ್ಭಿಣಿಯ ರಕ್ತಕ್ಕೆ ಬೇಗ ಹೆಪ್ಪುಗಟ್ಟುವ ಗುಣ ಕೊಡುತ್ತದೆ. ಹೆರಿಗೆಯಾದ ಮೇಲಿನ ಆರು ವಾರ ಅಪಾಯ ಅತಿ ಹೆಚ್ಚು, ಸಿಸೇರಿಯನ್ ಆಗಿದ್ದರೆ ಇನ್ನೂ ಹೆಚ್ಚು. ಗರ್ಭಿಣಿಯರಲ್ಲಿ ಇದು ಎಡಗಾಲಿಗೇ ಜಾಸ್ತಿ ಬರುತ್ತದೆ, ಏಕೆಂದರೆ ಎಡಗಡೆಯ ವೇನ್ ಸೊಂಟದ ಒಳಗೆ ಒಂದು ಅಪಧಮನಿಯ ಅಡಿಯಲ್ಲಿ ಹಾದುಹೋಗುವುದರಿಂದ ಬೇಗ ಒತ್ತಡಕ್ಕೆ ಸಿಗುತ್ತದೆ. ಇಷ್ಟರ ಮೇಲೆ ನಾವೇನು ಮಾಡುತ್ತೇವೆ? ಬಾಣಂತಿ ಮಂಚ ಬಿಟ್ಟು ಇಳಿಯಬಾರದು ಅನ್ನುತ್ತೇವೆ. ನೀರು ಕುಡಿದರೆ ಹೊಟ್ಟೆ ಬರುತ್ತದೆ, ಮಗುವಿಗೆ ಶೀತ ಆಗುತ್ತದೆ ಎಂದು ಲೋಟ ಲೆಕ್ಕ ಹಾಕಿ ನೀರು ಕೊಡುತ್ತೇವೆ. ಊರಿನಿಂದ ಪುಣೆಗೋ ಮುಂಬೈಗೋ ಬಂದು ಎರಡು ಮೂರು ತಿಂಗಳು ಬಾಣಂತನ ಮಾಡುವ ಅಮ್ಮಂದಿರ ಪ್ರೀತಿಯ ಬಗ್ಗೆ ನನಗೆ ಎರಡು ಮಾತಿಲ್ಲ. ಕಾಳುಮೆಣಸಿನ ಸಾರು ಕೊಡಿ, ಬಿಸಿನೀರು ಹಾಕಿ, ನನ್ನ ಅಡ್ಡಿ ಇಲ್ಲ. ಆದರೆ ಬಾಣಂತಿಗೆ ಬಾಯಾರಿದಷ್ಟು ನೀರು ಕೊಡಿ, ದಿನಕ್ಕೆ ಹಲವು ಸಲ ಮನೆಯೊಳಗೇ ನಡೆಸಿ. ಅವಳ ಒಂದು ಕಾಲು ಊದಿದ್ದರೆ ಆ ಕಾಲಿಗೆ ಎಣ್ಣೆ ಹಚ್ಚಿ ತಿಕ್ಕಬೇಡಿ. ತಿಕ್ಕಿದರೆ ಹೆಪ್ಪು ಕಿತ್ತುಕೊಂಡು ಹೊರಡಬಹುದು.

ಎರಡನೆಯದನ್ನು ಹೇಳಿದರೆ ಕೆಲವರಿಗೆ ಬೇಸರವಾಗಬಹುದು. ಗೃಹಪ್ರವೇಶ, ಮದುವೆ, ತಿರುಪತಿ ಯಾತ್ರೆ ಎಂದಾಗ ಮುಟ್ಟು ಮುಂದೂಡಲು ಮೆಡಿಕಲ್ ಶಾಪಿನಿಂದ ಮಾತ್ರೆ ತರುತ್ತಾರೆ. ಅದು ನೊರೆಥಿಸ್ಟೆರೋನ್ ಎಂಬ ಹಾರ್ಮೋನು. ದಿನಕ್ಕೆ ಮೂರು ಸಲ ತೆಗೆದುಕೊಳ್ಳುವ ಆ ಪ್ರಮಾಣದಲ್ಲಿ ಅದರ ಒಂದಂಶ ದೇಹದಲ್ಲಿ ಈಸ್ಟ್ರೋಜನ್ ಆಗಿ ಬದಲಾಗುತ್ತದೆ, ಈಸ್ಟ್ರೋಜನ್ ರಕ್ತದ ಹೆಪ್ಪುಗಟ್ಟುವ ಗುಣವನ್ನು ಹೆಚ್ಚಿಸುತ್ತದೆ. ಹೆಚ್ಚಿನವರಿಗೆ ಏನೂ ಆಗುವುದಿಲ್ಲ, ನಿಜ. ಆದರೆ ತೂಕ ಹೆಚ್ಚಿರುವವರು, ಸಿಗರೇಟು ಸೇದುವವರು, ಹಿಂದೆ ಒಮ್ಮೆ ಹೆಪ್ಪುಗಟ್ಟಿದವರು, ಅಪ್ಪ, ಅಮ್ಮ ಅಥವಾ ಒಡಹುಟ್ಟಿದವರಿಗೆ ಹೀಗಾಗಿರುವವರು ಡಾಕ್ಟರನ್ನು ಕೇಳದೆ ಇದನ್ನು ಮುಟ್ಟಲೇಬಾರದು. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆಗಳಿಗೂ ಇದೇ ಮಾತು. ಮಾತ್ರೆ ನುಂಗಿ ಅದೇ ರಾತ್ರಿ ಊರಿನ ಬಸ್ ಹತ್ತುವವರಿಗಂತೂ ಎರಡು ಕಾರಣ ಒಟ್ಟಿಗೆ ಸೇರಿದ ಹಾಗೆ.

ಬಸ್ಸಿನ ಮಾತು ಬಂತು. ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಕೂತು ಪ್ರಯಾಣ ಮಾಡಿದರೆ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿತು. ಹಾಗೆಂದು ಗಾಬರಿ ಬೇಡ. ಆರೋಗ್ಯವಂತರಲ್ಲಿ ಇದು ಸುಮಾರು 6,000 ಜನರಲ್ಲಿ ಒಬ್ಬರಿಗೆ ಮಾತ್ರ. ಆದರೆ ಮಂಡಿಯ ಆಪರೇಷನ್ ಆಗಿ ತಿಂಗಳಾಗದ ಅಪ್ಪನನ್ನು ಮುಂಬೈಯಿಂದ ಮಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಕರೆದೊಯ್ಯುವಾಗ ಈ ಲೆಕ್ಕ ನಡೆಯುವುದಿಲ್ಲ, ಮೊದಲು ಸರ್ಜನ್‌ರನ್ನು ಕೇಳಿ. ದಾರಿಯಲ್ಲಿ ಟಾಯ್ಲೆಟ್ ಸಿಗುವುದಿಲ್ಲ ಎಂದು ನಮ್ಮ ಹೆಣ್ಣುಮಕ್ಕಳು ಮಧ್ಯಾಹ್ನದಿಂದಲೇ ನೀರು ಬಿಡುತ್ತಾರೆ. ಅದು ಬೇಡ. ಬಸ್ ನಿಂತಲ್ಲೆಲ್ಲ ಇಳಿದು ನಾಲ್ಕು ಹೆಜ್ಜೆ ನಡೆಯಿರಿ, ಕೂತಲ್ಲೇ ಹಿಮ್ಮಡಿ ಎತ್ತಿ ಇಳಿಸುತ್ತಿರಿ. ಮೀನಖಂಡದ ಸ್ನಾಯು ಹಿಂಡಿದಾಗಲೇ ಕಾಲಿನ ರಕ್ತ ಮೇಲೇರುವುದು. ದೆಹಲಿಯ ರೈಲಿನವರಿಗೆ ಈ ವಿಷಯದಲ್ಲಿ ಅನುಕೂಲ ಹೆಚ್ಚು, ಬೋಗಿಯ ಉದ್ದಕ್ಕೂ ಓಡಾಡಬಹುದು.

ಹೋಟೆಲಿನಲ್ಲಿ ಹತ್ತು ಹನ್ನೆರಡು ಗಂಟೆ ಕಾವಲಿಯ ಮುಂದೆ ನಿಲ್ಲುವ ನಮ್ಮ ಹುಡುಗರ ಕಾಲಿನಲ್ಲಿ ಉಬ್ಬಿದ ನರಗಳನ್ನು ನೀವು ನೋಡಿರುತ್ತೀರಿ. ಅವು ನರಗಳಲ್ಲ, ವೇರಿಕೋಸ್ ವೇನ್. ಉರಿಯೂತ ಮೊದಲು ಬರುವುದು ಅಲ್ಲೇ. ಮಧ್ಯೆ ಮಧ್ಯೆ ನಡೆಯುವುದು, ಡಾಕ್ಟರು ಹೇಳಿದ ಅಳತೆಯ ಬಿಗಿ ಕಾಲುಚೀಲ ಹಾಕುವುದು ಸಹಾಯಕ್ಕೆ ಬರುತ್ತದೆ. ಮೂಳೆ ಮುರಿದು ಪ್ಲಾಸ್ಟರ್ ಹಾಕಿದವರು, ಕಾಯಿಲೆಯಿಂದ ದಿನಗಟ್ಟಲೆ ಮಲಗಿದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಕೂಡ ಎಚ್ಚರ ವಹಿಸಬೇಕು. ಯಾವ ಕಾರಣವೂ ಇಲ್ಲದೆ ಹಿರಿಯರಲ್ಲಿ ಹೆಪ್ಪುಗಟ್ಟಿದರೆ, ಒಳಗೆ ಕ್ಯಾನ್ಸರ್ ಏನಾದರೂ ಅಡಗಿದೆಯೇ ಎಂದೂ ನಾವು ಯೋಚಿಸುತ್ತೇವೆ.

"ನಾನು ಹೃದಯಕ್ಕೆ ಆಸ್ಪಿರಿನ್ ತಗೋತೀನಿ, ನನಗೆ ಬರಲ್ಲ ಅಲ್ವಾ?" ಎಂದು ಕೇಳುವವರಿದ್ದಾರೆ. ಅದನ್ನು ನಂಬಿ ಕೂರಬೇಡಿ. ಡಿವಿಟಿಗೆ ಬೇಕಾದ ಔಷಧಿಯೇ ಬೇರೆ, ಅದನ್ನು ಕನಿಷ್ಠ ಮೂರು ತಿಂಗಳು ತೆಗೆದುಕೊಳ್ಳಬೇಕು. ಊತ ಇಳಿಯಿತೆಂದು ನಡುವೆ ಬಿಡುವಂತಿಲ್ಲ.

ಎರಡೂ ಕಾಲು ಊದಿದ್ದರೆ ಹೆಚ್ಚಾಗಿ ಕಾರಣ ಹೃದಯ, ಕಿಡ್ನಿ ಅಥವಾ ಕೆಲವು ಬಿಪಿ ಮಾತ್ರೆ. ಒಂದೇ ಕಾಲಾದರೆ ಟೈಲರ್ ಟೇಪ್ ತನ್ನಿ. ಎರಡೂ ಮೀನಖಂಡಗಳನ್ನು ಮಂಡಿಯ ಕೆಳಗೆ ಒಂದೇ ಎತ್ತರದಲ್ಲಿ ಅಳೆಯಿರಿ. ಮೂರು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಅಂದೇ ಆಸ್ಪತ್ರೆಗೆ ಹೋಗಿ. ವ್ಯತ್ಯಾಸ ಕಡಿಮೆ ಇದ್ದರೂ ನೋವು, ಬಿಸಿ, ಬಣ್ಣ ಬದಲಾವಣೆ ಇದ್ದರೆ ತೋರಿಸಲೇಬೇಕು. ಡಾಪ್ಲರ್ ಸ್ಕ್ಯಾನಿಗೆ ಸೂಜಿ ಇಲ್ಲ, ನೋವಿಲ್ಲ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಉಸಿರೆಳೆದಾಗ ಎದೆ ಚುಚ್ಚಿದರೆ, ಕಫದಲ್ಲಿ ರಕ್ತ ಬಂದರೆ, ತಲೆಸುತ್ತಿ ಬಿದ್ದರೆ ಮನೆಯಲ್ಲಿ ಅಳೆಯುತ್ತ ಕೂರಬೇಡಿ, ಆಂಬುಲೆನ್ಸ್ ಕರೆಯಿರಿ.

ಊರಿನಿಂದ ಬಂದ ಅಮ್ಮನಿಗೆ ಮರಾಠಿಯೋ ತೆಲುಗೋ ತಮಿಳೋ ಬರದಿದ್ದರೆ, ಅವರ ಪರವಾಗಿ ನೀವೇ ಡಾಕ್ಟರಿಗೆ ಹೇಳಿ: ಯಾವ ಕಾಲು, ಎಂದಿನಿಂದ, ಇತ್ತೀಚೆಗೆ ಆಪರೇಷನ್ ಆಗಿದೆಯೇ, ದೂರ ಪ್ರಯಾಣ ಮಾಡಿದ್ದಾರೆಯೇ, ಮೊದಲು ಹೀಗಾಗಿತ್ತೇ. ಮಗಳು ಸೊಸೆಯರ ವಿಷಯವಾದರೆ ಹೆರಿಗೆಯ ತಾರೀಖು ಮತ್ತು ನುಂಗಿದ ಮಾತ್ರೆಯ ಹೆಸರು ಕೂಡ. ಮಾತ್ರೆಯ ಖಾಲಿ ಸ್ಟ್ರಿಪ್ ಇದ್ದರೆ ಜೊತೆಯಲ್ಲೇ ಒಯ್ಯಿರಿ.