ಹಾರಿಸಿದ ತೋಟೆಯೋ, ಹೊಸ ತೋಟೆಯೋ? ಬರೋಡದ ಒಂದು ಡಬ್ಬಿಯ ಕತೆ

ಬರೋಡ: ಕೈಲ್ ಮುಹೂರ್ತ ಕಳೆದ ಭಾನುವಾರ ಗೋತ್ರಿ ಕಡೆ ಇರುವ ಕೊಡಗಿನ ಗೆಳೆಯರೊಬ್ಬರ ಮನೆಗೆ ಊಟಕ್ಕೆ ಹೋಗಿದ್ದೆ. ನಮ್ಮ ಸಂಘದಲ್ಲಿ ಕರಾವಳಿಯವರೇ ಹೆಚ್ಚು, ಕೊಡಗಿನವರು ಬೆರಳೆಣಿಕೆಯಷ್ಟು. ಹಾಗಾಗಿ ಇಲ್ಲಿ ಆ ಹಬ್ಬವೆಂದರೆ ಕಡುಂಬುಟ್ಟು, ಕೋಳಿ ಸಾರು, ಊರಿಗೊಂದು ಫೋನು, ಅಷ್ಟೇ. ಕೋವಿಗೆ ತೋಕ್ ಪೂ ಮುಡಿಸಿ ಪೂಜೆ ಮಾಡುವುದು, ತೆಂಗಿನಕಾಯಿಗೆ ಗುಂಡು ಹೊಡೆಯುವುದು ಎಲ್ಲವೂ ಊರಿನಲ್ಲಿ. ಇವರ ಕುಟುಂಬದ ರೈಫಲು ಕೂಡ ಐನ್‌ಮನೆಯಲ್ಲಿ ಅಣ್ಣನ ಹತ್ತಿರವೇ ಇದೆ. ಗುಜರಾತಿಗೆ ಬಂದಿರುವುದು ಒಂದು ಬಿಸ್ಕತ್ತಿನ ಡಬ್ಬಿ ಮಾತ್ರ. ಅದರ ತುಂಬ ಅವರ ತಂದೆ ಹಾರಿಸಿದ .315 ರೈಫಲಿನ ಖಾಲಿ ಹಿತ್ತಾಳೆ ತೋಟೆಗಳು. “ತೋಟ ಬಿಟ್ಟು ಬಂದರೂ ತೋಟೆ ಬಿಡಲಿಲ್ಲ” ಎಂದು ಅವರ ಮನೆಯವರು ನಗುತ್ತಾರೆ.

ಆ ದಿನ ಡಬ್ಬಿ ಹೊರಗೆ ಬಂದದ್ದಕ್ಕೆ ಕಾರಣವಿತ್ತು. ಅಮೆರಿಕದಲ್ಲಿರುವ ಅಣ್ಣನ ಮಗ ಡಿಸೆಂಬರಿನಲ್ಲಿ ಬರುವವನಿದ್ದ. ಅವನಿಗೆ ಅಲ್ಲಿ ರೈಫಲ್ ಸ್ಪರ್ಧೆಯ ಹವ್ಯಾಸ. ತೋಟೆಗೆ ಮದ್ದು, ಗುಂಡು ತಾನೇ ತುಂಬಿಕೊಳ್ಳುತ್ತಾನೆ. ಅಲ್ಲಿ ಇದು ಸಾಮಾನ್ಯ ಸಂಗತಿ. ಗೆಳೆಯರ ಮಗ ಇಲ್ಲಿ ಕಾಲೇಜು ಓದುತ್ತ ಕ್ಲಬ್ಬಿನಲ್ಲಿ .22 ರೈಫಲ್ ಕಲಿಯುತ್ತಿದ್ದಾನೆ. “ಚಿಕ್ಕಪ್ಪ, ತಮ್ಮನಿಗೆ ನೂರು ಹೊಸ ಖಾಲಿ ತೋಟೆ, ತುಂಬುವ ಒಂದು ಪ್ರೆಸ್ ಸೂಟ್‌ಕೇಸಿನಲ್ಲಿ ಹಾಕಿ ತರಲಾ? ಮದ್ದಿಲ್ಲದ ಖಾಲಿ ತೋಟೆ ತಾನೇ” ಎಂದು ಅವನು ಕೇಳಿದ್ದ. ಹುಡುಗನಿಗೆ ಹೊಸದು ಯಾಕೆ, ಅಜ್ಜನ ತೋಟೆಗಳೇ ಇವೆಯಲ್ಲ ಎಂಬ ಆಸೆ. ಮುಂದಿನ ರಜೆಯಲ್ಲಿ ಊರಿಗೆ ಹೋಗಿ ಅಜ್ಜನ ರೈಫಲಿನಲ್ಲಿ ಹೊಡೆಯಬೇಕಂತೆ. ಗೆಳೆಯರು ಡಬ್ಬಿಯನ್ನು ನನ್ನ ಮುಂದಿಟ್ಟು, “ಶೆಟ್ರೇ, ನೀವು ಬ್ಯಾಂಕಿನವರು, ಕಾಗದಪತ್ರ ತಿಳಿದವರು. ಏನು ಮಾಡುವುದು ಹೇಳಿ” ಎಂದರು.

ಕೋವಿಯ ವಿಷಯದಲ್ಲಿ ನನಗೆ ತಿಳಿದದ್ದು ಸೊನ್ನೆ. ಅದಕ್ಕೇ ಅಮೆರಿಕದ ಹುಡುಗನಿಗೇ ಫೋನು ಹಚ್ಚಿಸಿ, ಹೊಸ ತೋಟೆಗೂ ಹಾರಿಸಿದ ತೋಟೆಗೂ ಏನು ವ್ಯತ್ಯಾಸ ಎಂದು ಕೇಳಿದೆ. ಅವನು ಒಂದು ಗಂಟೆ ಬಿಡಿಸಿ ಹೇಳಿದ.

ತೋಟೆಯ ಹಿತ್ತಾಳೆಯಲ್ಲಿ 70 ಪಾಲು ತಾಮ್ರ, 30 ಪಾಲು ಸತು. ಕಾರ್ಖಾನೆಯವರು ಹೊಸ ತೋಟೆಯನ್ನು ಯಾವ ರೈಫಲಿಗೂ ಸಲೀಸಾಗಿ ಕೂರಲಿ ಎಂದು ಕೊಂಚ ಸಣ್ಣದಾಗಿಯೇ ಮಾಡುತ್ತಾರೆ. ಗುಂಡು ಹಾರುವಾಗ ಒಳಗಿನ ಒತ್ತಡಕ್ಕೆ ಹಿತ್ತಾಳೆ ಉಬ್ಬಿ ರೈಫಲಿನ ಗೂಡಿಗೆ ಅಂಟಿಕೊಳ್ಳುತ್ತದೆ. ಹೊಗೆ ಹಿಂದಕ್ಕೆ ಬಾರದಂತೆ ತಡೆಯುವುದು ಇದೇ. ಮರುಕ್ಷಣ ಕೂದಲೆಳೆಯಷ್ಟು ಕುಗ್ಗಿ ಹೊರಗೆ ಬರುತ್ತದೆ. ಹಾಗೆ ಹೊರಬಂದ ತೋಟೆ ಆ ಒಂದು ರೈಫಲಿನ ಅಚ್ಚು. ಮತ್ತೆ ಅದೇ ರೈಫಲಿಗೆ ಹಾಕಿದರೆ ಅಲುಗಾಡದೆ, ನಳಿಗೆಗೆ ನೇರವಾಗಿ ಕೂರುತ್ತದೆ. ಬೇರೆ ರೈಫಲಿಗೆ ಹಾಕಿದರೆ ಬಿಗಿಯಾಗಿ ಸಿಕ್ಕಿಕೊಳ್ಳಲೂಬಹುದು.

ಹಾಗಾದರೆ ಹಾರಿಸಿದ್ದೇ ಮೇಲೋ? ಅಷ್ಟು ಸುಲಭವಿಲ್ಲ. ಉಬ್ಬಿದ ತೋಟೆಯ ಒಳಗಿನ ಜಾಗ ಹೊಸದಕ್ಕಿಂತ ತುಸು ಹೆಚ್ಚು. ಅಷ್ಟೇ ಮದ್ದು ಹಾಕಿದರೂ ಒತ್ತಡ, ಗುಂಡಿನ ವೇಗ ಬದಲಾಗುತ್ತದೆ. ಅವನು ಒಮ್ಮೆ ಹೊಸ ತೋಟೆಗಳಲ್ಲಿ ವಾರಗಟ್ಟಲೆ ಪ್ರಯೋಗ ಮಾಡಿ ಮದ್ದಿನ ಅಳತೆ ಹಿಡಿದಿದ್ದನಂತೆ. ಅದೇ ಅಳತೆಯನ್ನು ಹಾರಿಸಿದ ತೋಟೆಗೆ ತುಂಬಿದಾಗ ಗುಂಡುಗಳು ಒಟ್ಟಿಗೇ ಬಿದ್ದವು, ಆದರೆ ಗುರಿಯ ಬೇರೆ ಜಾಗದಲ್ಲಿ. ಮತ್ತೆ ಮೊದಲಿನಿಂದ ಲೆಕ್ಕ. ಅಂದಿನಿಂದ ಹೊಸ ತೋಟೆಗಳನ್ನು ಒಮ್ಮೆ ಅಭ್ಯಾಸಕ್ಕೆ ಹಾರಿಸಿ, ಆಮೇಲೆಯೇ ಸ್ಪರ್ಧೆಯ ಅಳತೆ ಹುಡುಕುತ್ತಾನೆ. ಹೊಸದನ್ನೂ ಹಾರಿಸಿದ್ದನ್ನೂ ಒಂದೇ ಪೆಟ್ಟಿಗೆಯಲ್ಲಿ ಬೆರೆಸುವುದಿಲ್ಲ.

ಹಾರಿಸಿದ್ದಕ್ಕೂ ಆಯುಷ್ಯವಿದೆ. ಪ್ರತಿ ಸಲ ಉಬ್ಬಿ, ಮತ್ತೆ ಅಚ್ಚಿಗೆ ಒತ್ತಿಸಿಕೊಂಡು ಕುತ್ತಿಗೆಯ ಹಿತ್ತಾಳೆ ಗಡುಸಾಗುತ್ತದೆ. ಗುಂಡನ್ನು ಒಂದು ಬಿಗಿಯಾಗಿ, ಇನ್ನೊಂದು ಸಡಿಲವಾಗಿ ಹಿಡಿಯತೊಡಗುತ್ತದೆ. ಕುತ್ತಿಗೆಯನ್ನಷ್ಟೇ ಹದವಾಗಿ ಕಾಯಿಸಿ ಮೆತ್ತಗೆ ಮಾಡಬೇಕು. ಬುಡದ ಹತ್ತಿರ ಗೋಡೆ ತೆಳುವಾಗಿ ಹೊಳೆಯುವ ಗೆರೆ ಕಂಡರೆ ಬಿಸಾಡಬೇಕು, ಇಲ್ಲದಿದ್ದರೆ ಅಲ್ಲೇ ತುಂಡಾಗುತ್ತದೆ. ಕೌಂಟರಿನಲ್ಲಿ ಮೂವತ್ತು ವರ್ಷ ನೋಟು ಎಣಿಸಿದ ನನಗೆ ಇದು ಬೇಗ ಅರ್ಥವಾಯಿತು. ಹೊಸ ನೋಟಿನ ಕಟ್ಟು ಒಂದಕ್ಕೊಂದು ಅಂಟಿ ಲೆಕ್ಕ ತಪ್ಪಿಸುತ್ತದೆ, ಒಂದೆರಡು ಕೈ ದಾಟಿದ್ದು ಸಲೀಸು, ತೀರಾ ಹಳೆಯದು ಹರಿಯುತ್ತದೆ.

ಇಷ್ಟು ಕೇಳಿ ನಾವು ಡಬ್ಬಿಯನ್ನು ಬಟ್ಟೆಯ ಮೇಲೆ ಸುರಿದೆವು. 41 ತೋಟೆಗಳು. ಬುಡದಲ್ಲಿ ಕೆಎಫ್ ಎಂಬ ಮುದ್ರೆ, ಅಂದರೆ ಪುಣೆ ಬಳಿಯ ಖಡ್ಕಿಯ ಕಾರ್ಖಾನೆಯವು. ಒಂದರ ಕುತ್ತಿಗೆಯಲ್ಲಿ ಉದ್ದಕ್ಕೆ ಬಿರುಕು. ಹಾರಿಸಿದಾಗ ಸರಿಯಿತ್ತು, ಡಬ್ಬಿಯಲ್ಲಿದ್ದೇ ಒಡೆದಿದೆ ಎಂದು ಗೆಳೆಯರು ಆಣೆ ಮಾಡಿ ಹೇಳಿದರು. ಈ ಡಬ್ಬಿ 2006ರ ಆಗಸ್ಟಿನಲ್ಲಿ ತಾಪಿ ನದಿ ಉಕ್ಕಿ ಸೂರತ್ ಮುಳುಗಿದಾಗ ಅವರ ಅಲ್ಲಿನ ಮನೆಯ ಅಟ್ಟದಲ್ಲಿತ್ತು. ನೀರೇ ಕಾರಣವೋ ಎಂದು ನಾನು ಕೇಳಿದೆ. ಫೋನಿನಲ್ಲಿದ್ದ ಹುಡುಗ, “ಯಾವುದರಲ್ಲಿ ಉಜ್ಜುತ್ತೀರಿ?” ಎಂದ. ಪ್ರತಿ ಹಬ್ಬಕ್ಕೆ ಹಿತ್ತಾಳೆ ಪಾಲಿಶ್ ಹಾಕಿ ಥಳಥಳ ಹೊಳೆಸುತ್ತೇವೆ ಎಂದರು ಮನೆಯವರು. ಅಲ್ಲೇ ಇರಬೇಕು ಎಡವಟ್ಟು. ಅಂಗಡಿಯ ಕೆಲವು ಪಾಲಿಶ್‌ಗಳಲ್ಲಿ ಅಮೋನಿಯಾ ಇರುತ್ತದೆ, ಬಿಗಿದು ಮಾಡಿದ ಹಿತ್ತಾಳೆಗೆ ಅದು ವಿಷ.

ಈ ಪಾಠ ಮೊದಲು ಕಲಿತದ್ದೂ ನಮ್ಮ ದೇಶದಲ್ಲೇ. ಬ್ರಿಟಿಷರ ಕಾಲದಲ್ಲಿ ಮಳೆಗಾಲ ಬಂದರೆ ಸೈನ್ಯದ ತೋಟೆಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿದ್ದರು. ಮಳೆ ಮುಗಿದು ತೆಗೆದರೆ ಹಲವು ತೋಟೆಗಳ ಕುತ್ತಿಗೆ ಬಿರಿದಿರುತ್ತಿತ್ತು. ಕುದುರೆಯ ಮೂತ್ರದ ಅಮೋನಿಯಾ ಮತ್ತು ಲೋಹದೊಳಗೆ ಉಳಿದ ಬಿಗಿತ ಎರಡೂ ಸೇರಿ ಹೀಗಾಗುತ್ತದೆ ಎಂದು 1921ರಲ್ಲಿ ಮೂವರು ವಿಜ್ಞಾನಿಗಳು ವಿವರಿಸಿದರು. ಕಾಯಿಸಿ ಬಿಗಿತ ಇಳಿಸುವುದೇ ಪರಿಹಾರ. ನಮ್ಮ ಅಜ್ಜಿಯಂದಿರ ಹುಣಸೆಹುಳಿ ಎಷ್ಟೋ ವಾಸಿ.

ಹುಡುಗನ ಆಸೆಗೆ ಇನ್ನೊಂದು ಪೆಟ್ಟು ಬಿತ್ತು. ತೋಟೆಯೊಳಗೆ ಟಾರ್ಚು ಬಿಟ್ಟು ನೋಡಿದರೆ ಬುಡದಲ್ಲಿ ಎರಡು ಸಣ್ಣ ತೂತು. ಇದು ಬರ್ಡನ್ ಮಾದರಿ. ಮಧ್ಯದಲ್ಲಿ ಒಂದೇ ತೂತಿರುವ ಬಾಕ್ಸರ್ ಮಾದರಿಯಾದರೆ ಹಳೆಯ ಕೇಪನ್ನು ಸೂಜಿಯಿಂದ ತಳ್ಳಿ ತೆಗೆಯಬಹುದು. ಇದರಲ್ಲಿ ಅದು ದೊಡ್ಡ ರಗಳೆ. ಇನ್ನು ಅವನು ಕ್ಲಬ್ಬಿನಲ್ಲಿ ಹೊಡೆಯುವ .22 ತೋಟೆಯನ್ನಂತೂ ಮತ್ತೆ ತುಂಬುವ ಪ್ರಶ್ನೆಯೇ ಇಲ್ಲ. ಅದರ ಸಿಡಿಮದ್ದು ಅಂಚಿನ ಮಡಿಕೆಯೊಳಗಿರುತ್ತದೆ, ಹೊಡೆದಾಗ ಅಂಚೇ ಜಜ್ಜಿಹೋಗುತ್ತದೆ. 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದ ನಮ್ಮ ಆಣಂದದ ಲಜ್ಜಾ ಗೋಸ್ವಾಮಿ ಹೊಡೆದದ್ದು ಈ .22ರಲ್ಲೇ. ಅಂಥವರು ಕಾರ್ಖಾನೆಯ ಬೇರೆ ಬೇರೆ ಕಂತಿನ ತೋಟೆಗಳನ್ನು ಪರೀಕ್ಷಿಸಿ, ತಮ್ಮ ರೈಫಲಿಗೆ ಒಗ್ಗಿದ ಕಂತನ್ನೇ ಕೊಳ್ಳುತ್ತಾರೆ. ಅಹಮದಾಬಾದಿನಲ್ಲಿ ಬೆಳೆದ ಇಳವೇನಿಲ್ ವಾಲರಿವನ್ ಅವರದು ಏರ್ ರೈಫಲ್, ಅದಕ್ಕೆ ತೋಟೆಯೇ ಬೇಡ.

ಈಗ ಸೂಟ್‌ಕೇಸಿನ ಮಾತು. 1959ರ ಶಸ್ತ್ರಾಸ್ತ್ರ ಕಾಯ್ದೆ ತೆಗೆದು ನೋಡಿದೆ. ಮದ್ದುಗುಂಡು ಎಂಬುದರ ವ್ಯಾಖ್ಯೆಯಲ್ಲಿ ಅದರ ಬಿಡಿಭಾಗಗಳೂ ಅದನ್ನು ತಯಾರಿಸುವ ಯಂತ್ರಗಳೂ ಸೇರುತ್ತವೆ. ಹೊರದೇಶದಿಂದ ತರಲು 10ನೇ ಕಲಮಿನ ಲೈಸೆನ್ಸ್, ತಯಾರಿಸಲು 5ನೇ ಕಲಮಿನ ಲೈಸೆನ್ಸ್ ಬೇಕು. 5ನೇ ಕಲಮು ಮುರಿದು ತಯಾರಿಸಿದರೆ 2019ರ ತಿದ್ದುಪಡಿಯ ನಂತರ ಕನಿಷ್ಠ 7 ವರ್ಷ ಜೈಲು. “ನಮಗೆ ಕೊಡವರಿಗೆ ವಿನಾಯಿತಿ ಇದೆಯಲ್ಲ” ಎಂದರು ಗೆಳೆಯರು. ಇದೆ, 2029ರ ಅಕ್ಟೋಬರ್‌ವರೆಗೆ ವಿಸ್ತರಣೆಯೂ ಆಗಿದೆ, 2021ರಲ್ಲಿ ಹೈಕೋರ್ಟು ಎತ್ತಿಹಿಡಿದೂ ಇದೆ. ಆದರೆ ಅದು 3 ಮತ್ತು 4ನೇ ಕಲಮುಗಳಿಗೆ, ಅಂದರೆ ಇಟ್ಟುಕೊಳ್ಳಲು, ಒಯ್ಯಲು. ತಯಾರಿಸಲು ಅಲ್ಲ, ವಿಮಾನದಲ್ಲಿ ಹೊರದೇಶದಿಂದ ತರಲು ಅಲ್ಲ. ಈ ವ್ಯತ್ಯಾಸ ನಮ್ಮವರಲ್ಲಿ ಎಷ್ಟು ಜನಕ್ಕೆ ತಿಳಿದಿದೆಯೋ ಕಾಣೆ. ಕರಾವಳಿಯಿಂದ ಬಂದು ಊರಿನ ಬೆಳೆ ರಕ್ಷಣೆಯ ಕೋವಿಯ ಹಳೆಯ ತೋಟೆಗಳನ್ನು ನೆನಪಿಗೆಂದು ಇಟ್ಟುಕೊಂಡವರೂ ಒಮ್ಮೆ ಕಪಾಟು ನೋಡಿಕೊಳ್ಳುವುದು ಒಳ್ಳೆಯದು.

ಅಂದು ರಾತ್ರಿಯೇ ಫೋನು ಹೋಯಿತು: ಏನೂ ತರಬೇಡ, ಬರೀ ಕೈಯಲ್ಲಿ ಬಾ. ಡಬ್ಬಿಯ ಬಗ್ಗೆ ಠಾಣೆಗೆ ಒಂದು ಅರ್ಜಿ ಬರೆದುಕೊಟ್ಟೆ. ಐನ್‌ಮನೆಯಿಂದ ವಿನಾಯಿತಿ ಪತ್ರದ ಪ್ರತಿ ತರಿಸಿ ಲಗತ್ತಿಸಿ, ಸೋಮವಾರ ನಾನೂ ಜೊತೆಗೆ ಹೋದೆ. ಅಲ್ಲಿದ್ದವರು ಎರಡು ಸಲ ಎಣಿಸಿ, ಬಿರುಕು ಬಿಟ್ಟದ್ದನ್ನೂ ಸೇರಿಸಿ, 41 ಎಂದು ಬರೆದುಕೊಂಡರು.