ಅಳಿಯಂದಿರ ಜಾಮೀನು ಮತ್ತು ಜರ್ಮನಿಯ ಒಂದು ಹಳ್ಳಿ

ವಿಜಯನಗರದಲ್ಲಿ ಬೆಳಗಿನ ವಾಯುವಿಹಾರಕ್ಕೆ ಹೊರಟರೆ ಎದುರಾಗುವ ಹಿರಿಯರ ಮಾತು ಬಹುಪಾಲು ಮಕ್ಕಳಿರುವ ಊರಿನದೇ ಆಗಿರುತ್ತದೆ. ಒಬ್ಬರದು ಅಮೆರಿಕ, ಇನ್ನೊಬ್ಬರದು ಆಸ್ಟ್ರೇಲಿಯ. ನಮ್ಮ ಸರದಿ ಜರ್ಮನಿಯದಾಯಿತು. ಮಗಳು ಮತ್ತು ಅಳಿಯಂದಿರು ಅಲ್ಲಿನ ವೆಸ್ಟರ್‌ವಾಲ್ಡ್ ಎಂಬ ಗುಡ್ಡಗಾಡು ಸೀಮೆಯಲ್ಲಿ, ಮೊಂಟಾಬೌರ್ ಪಟ್ಟಣಕ್ಕೆ ಸಮೀಪದ ಹಳ್ಳಿಯೊಂದರಲ್ಲಿ ನೆಲೆಸಿದ್ದಾರೆ. 2025ರ ಮೇ ತಿಂಗಳಿನಲ್ಲಿ ನಾನು ಮತ್ತು ನನ್ನ ಪತ್ನಿ ನಾಲ್ಕು ವಾರ ಅವರೊಂದಿಗೆ ಇದ್ದು ಬಂದೆವು. ಆ ಪ್ರವಾಸದ ಸೊಬಗಿಗಿಂತ, ಅದು ನನ್ನ ಮನಸ್ಸಿನಲ್ಲಿದ್ದ ಹಳೆಯದೊಂದು ಲೆಕ್ಕವನ್ನು ಮತ್ತೆ ತೆರೆದ ಬಗೆಯನ್ನು ವಾಣಿಜ್ಯ ಬಂಧುಗಳೊಡನೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ಸಹಿಯ ಪ್ರಶ್ನೆ

ಬಂಧುಗಳನ್ನು ನೋಡಲು ಜರ್ಮನಿಗೆ ಹೋಗುವವರಿಗೆ ಷೆಂಗೆನ್ ವೀಸಾ ಬೇಕು. ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನ ಮೀರದಂತೆ ತಂಗಬಹುದು. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಖರ್ಚು ಭರಿಸುವ ಶಕ್ತಿಯನ್ನು ನಮ್ಮ ಬ್ಯಾಂಕ್ ಖಾತೆಯ ವಿವರಗಳಿಂದ ತೋರಿಸಬಹುದು. ಇಲ್ಲವೇ ಆಹ್ವಾನಿಸುವವರು ತಮ್ಮ ಊರಿನ ವಿದೇಶೀಯರ ಕಚೇರಿಯಲ್ಲಿ ಹೊಣೆಗಾರಿಕೆಯ ಘೋಷಣೆಗೆ ಸಹಿ ಮಾಡಬಹುದು. ಅತಿಥಿಯ ಊಟ, ವಸತಿ, ಕಾಯಿಲೆಯ ಆರೈಕೆಗಾಗಿ ಸರ್ಕಾರದ ಹಣ ಖರ್ಚಾದರೆ ಅದನ್ನು ತಾವು ತೀರಿಸುತ್ತೇವೆಂಬ ಈ ಘೋಷಣೆ ಐದು ವರ್ಷಗಳವರೆಗೆ ಬಾಧ್ಯತೆಯುಳ್ಳದ್ದು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಅದು ಜಾಮೀನು.

ಅಳಿಯಂದಿರು ಸಹಿ ಮಾಡುವೆನೆಂದರು. ನಾನು ಒಪ್ಪಲಿಲ್ಲ. ಅದಕ್ಕೆ ಕಾರಣವಿತ್ತು.

ನನ್ನ ತಂದೆಯವರು ಸಂತೆಪೇಟೆಯಲ್ಲಿ ಪುಟ್ಟ ದಿನಸಿ ಅಂಗಡಿ ನಡೆಸುತ್ತಿದ್ದರು. ಪಕ್ಕದ ಅಂಗಡಿಯವರಿಗೆ ಒಂದು ಪತ್ತಿನ ಸಂಘದಿಂದ ಸಾಲ ಬೇಕಾದಾಗ, ಸ್ನೇಹಕ್ಕೆ ಕಟ್ಟುಬಿದ್ದು ಜಾಮೀನು ಹಾಕಿದರು. ಎಷ್ಟು ಸಾಲ, ಹಿಂದಿನ ಬಾಕಿ ಏನು ಎಂದು ಅವರು ಕೇಳಲಿಲ್ಲ, ಸಂಘದವರೂ ಹೇಳಲಿಲ್ಲ. ಎರಡು ವರ್ಷದ ನಂತರ ಸಾಲಗಾರರು ಊರು ಬಿಟ್ಟರು. ನೋಟೀಸು ನಮ್ಮ ಮನೆಗೆ ಬಂತು. ವಿಜಯನಗರದಲ್ಲಿ ಮನೆ ಕಟ್ಟಲೆಂದು ತಂದೆಯವರು ಇರಿಸಿಕೊಂಡಿದ್ದ ನಿವೇಶನ ಆ ಬಾಕಿಗೆ ಹೋಯಿತು. ನಾನಾಗ ಬಿ.ಕಾಂ. ಎರಡನೆಯ ವರ್ಷದಲ್ಲಿದ್ದೆ. ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ವ್ಯಾಪಕವೆಂಬ ಭಾರತೀಯ ಕರಾರು ಕಾಯ್ದೆ, 1872ರ 128ನೆಯ ಕಲಮನ್ನು ನಾನು ಪಠ್ಯಪುಸ್ತಕದಿಂದ ಕಲಿಯಲಿಲ್ಲ. ಅಂದಿನಿಂದ ಯಾರಿಗೂ ಜಾಮೀನು ನಿಲ್ಲಲಾರೆ, ಯಾರನ್ನೂ ನನಗಾಗಿ ನಿಲ್ಲಿಸಲಾರೆ ಎಂಬುದು ನನ್ನ ನಿಯಮವಾಯಿತು. ಈಗ ವಿಜಯನಗರದಲ್ಲಿ ನಾನಿರುವ ಮನೆ, ಆಮೇಲೆ ಇಪ್ಪತ್ತು ವರ್ಷ ದುಡಿದು ಕಟ್ಟಿಸಿದ್ದು. ಅದರ ಗೃಹಪ್ರವೇಶವನ್ನು ನೋಡಲು ತಂದೆಯವರು ಇರಲಿಲ್ಲ.

ಮಗಳು ದೂರವಾಣಿಯಲ್ಲಿ ಒಂದೇ ಮಾತು ಕೇಳಿದಳು: "ಅಪ್ಪ, ನನ್ನ ಓದಿನ ಸಾಲಕ್ಕೆ ನೀವು ಸಹಿ ಹಾಕಿದ್ದಿರಲ್ಲ, ಅದು ಏನು?"

ಉತ್ತರ ಹೊಳೆಯಲಿಲ್ಲ. ಅಳಿಯಂದಿರು ಸಹಿ ಮಾಡಿ ಬಂದರು. ಕಚೇರಿಯವರು ಅವರ ಸಂಬಳದ ಚೀಟಿಗಳನ್ನು ಪರಿಶೀಲಿಸಿ, ಹೊಣೆಯ ವ್ಯಾಪ್ತಿಯನ್ನು ವಿವರಿಸಿ, ಅರ್ಥವಾಯಿತೇ ಎಂದು ಕೇಳಿದ ಮೇಲೆಯೇ ಸಹಿ ಪಡೆದರಂತೆ. ಈ ಸಂಗತಿ ನನ್ನ ಮನಸ್ಸಿನಲ್ಲಿ ಉಳಿಯಿತು.

ಹಸಿರು ಫಲಕದ ಹೆಸರು

ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಿಂದ ವೇಗದ ರೈಲಿನಲ್ಲಿ ಅರ್ಧ ಗಂಟೆಯ ಆಸುಪಾಸಿನಲ್ಲಿ ಮೊಂಟಾಬೌರ್ ತಲುಪಬಹುದು. ಅಲ್ಲಿಂದ ಮುಂದೆ ಹುಲ್ಲುಗಾವಲು, ಕಾಡು, ಹಳದಿ ಹೂ ತುಂಬಿದ ಎಣ್ಣೆಕಾಳಿನ ಹೊಲಗಳು. ಹಳ್ಳಿಯ ರಸ್ತೆ ಬದಿಯಲ್ಲಿ ರೈತರೊಬ್ಬರು ಮೊಟ್ಟೆ, ಆಲೂಗೆಡ್ಡೆಗಳನ್ನು ಮರದ ಪೆಟ್ಟಿಗೆಯಲ್ಲಿಟ್ಟಿದ್ದರು. ಕಾಯುವವರಿಲ್ಲ, ಬೆಲೆಯ ಚೀಟಿ ಮತ್ತು ಹಣ ಹಾಕುವ ಡಬ್ಬಿ ಮಾತ್ರ. ನನ್ನ ಪತ್ನಿ ಚಿಲ್ಲರೆಯನ್ನು ಎರಡು ಬಾರಿ ಎಣಿಸಿ ಹಾಕಿದಳು. ಆ ಡಬ್ಬಿಗೆ ಬೀಗವಿದ್ದುದನ್ನೂ, ಅದನ್ನು ಹಲಗೆಗೆ ಭದ್ರವಾಗಿ ಜಡಿದಿದ್ದುದನ್ನೂ ನಾನು ಗಮನಿಸಿದೆ. ಲೆಕ್ಕಪರಿಶೋಧಕನ ಕಣ್ಣು ಬೇರೆಡೆ ಹೋಗುವುದಿಲ್ಲ.

ಪಕ್ಕದ ಊರಿನಲ್ಲಿ ನಮ್ಮ ತಾಲ್ಲೂಕು ಕೃಷಿ ಹುಟ್ಟುವಳಿ ಮಾರಾಟ ಸಹಕಾರ ಸಂಘದ ಮಳಿಗೆಯನ್ನು ನೆನಪಿಸುವ ಅಂಗಡಿಯೊಂದಿತ್ತು: ಪಶು ಆಹಾರ, ಬೀಜ, ಗೊಬ್ಬರ, ತೋಟದ ಸಲಕರಣೆ. ಹಸಿರು ಫಲಕದ ಮೇಲೆ ಒಂದರ ಮೇಲೊಂದು ಅಡ್ಡಹಾಯ್ದ ಎರಡು ಕುದುರೆ ತಲೆಗಳು, ಅದರ ಜೊತೆಗೆ ರೈಫೈಸನ್ ಎಂಬ ಹೆಸರು. ಸಹಕಾರ ಸಂಘಗಳ ಲೆಕ್ಕ ನೋಡಿದ ಯಾರಿಗೂ ಅದು ಅಪರಿಚಿತ ಹೆಸರಲ್ಲ. ಆದರೆ ಆ ಮಹನೀಯರು ಇದೇ ಸೀಮೆಯವರೆಂಬುದು ನನಗೆ ನೆನಪಿರಲಿಲ್ಲ. ಒಂದು ಭಾನುವಾರ, ಅಂಗಡಿಗಳೆಲ್ಲ ಮುಚ್ಚಿರುವ ದಿನ, ಅಳಿಯಂದಿರು ಅವರು ಬದುಕಿ ದುಡಿದ ಊರುಗಳ ದಾರಿಯಲ್ಲಿ ನಮ್ಮನ್ನು ಕರೆದೊಯ್ದರು.

ಫ್ರೀಡ್ರಿಷ್ ವಿಲ್‌ಹೆಲ್ಮ್ ರೈಫೈಸನ್ ಅವರು ಜನಿಸಿದ್ದು 1818ರಲ್ಲಿ, ಸೀಗ್ ನದಿಯ ಬಳಿಯ ಹಾಮ್ ಎಂಬ ಊರಿನಲ್ಲಿ. 1845ರಲ್ಲಿ ವೈಯರ್‌ಬುಷ್ ಗ್ರಾಮದ ಮೇಯರ್ ಆದರು. 1846-47ರ ಚಳಿಗಾಲದಲ್ಲಿ ಬರಗಾಲ ಬಂದಾಗ, ಉಳ್ಳವರಿಂದ ಹಣ ಕೂಡಿಸಿ ಸಂಘ ಕಟ್ಟಿ, ಬಡವರಿಗೆ ರೊಟ್ಟಿಯನ್ನು ಕಡವಾಗಿ ಒದಗಿಸಿದರು. ಕೇವಲ ದಾನದಿಂದ ಸಂಘ ಬಾಳದೆಂಬ ಅನುಭವದಿಂದ, 1864ರಲ್ಲಿ ಹೆಡ್ಡೆಸ್‌ಡಾರ್ಫ್‌ನಲ್ಲಿ ಸದಸ್ಯರೇ ಪರಸ್ಪರ ಹೊಣೆ ಹೊರುವ ಸಾಲದ ಸಂಘ ಸ್ಥಾಪಿಸಿದರು. ಅವರ ದೃಷ್ಟಿ ತೀರ ಮಂದವಾದಾಗ ಓದು-ಬರಹಕ್ಕೆ ಆಸರೆಯಾದವಳು ಮಗಳು ಅಮಾಲಿ. ಇದನ್ನು ಅಳಿಯಂದಿರು ಓದಿ ಹೇಳಿದಾಗ ನನ್ನ ಮಗಳು ನನ್ನತ್ತ ನೋಡಿ ನಕ್ಕಳು.

ಅಪರಿಮಿತ ಹೊಣೆ, ಪರಿಮಿತ ಊರು

ಅಂದಿನ ರೈಫೈಸನ್ ಸಂಘಗಳಲ್ಲಿ ಸದಸ್ಯರ ಹೊಣೆ ಅಪರಿಮಿತವಾಗಿತ್ತು. ಒಬ್ಬ ತಪ್ಪಿದರೆ ಉಳಿದವರ ಆಸ್ತಿಯೂ ಬಾಧ್ಯ. ಅಂದರೆ ಪ್ರತಿಯೊಬ್ಬನೂ ಊರಿಗೆಲ್ಲ ಜಾಮೀನು! ನನ್ನ ತಂದೆಯವರನ್ನು ಮುಳುಗಿಸಿದ ತತ್ತ್ವವೇ ಅಲ್ಲಿ ಊರುಗಳನ್ನು ಎತ್ತಿತು. ವ್ಯತ್ಯಾಸವೆಲ್ಲಿ?

ವ್ಯತ್ಯಾಸ ಅದರ ಸುತ್ತಲಿನ ಕಟ್ಟುಪಾಡುಗಳಲ್ಲಿದೆ. ಸಂಘದ ವ್ಯಾಪ್ತಿ ಒಬ್ಬರನ್ನೊಬ್ಬರು ಬಲ್ಲಷ್ಟು ಚಿಕ್ಕದು. ಸಾಲ ಸದಸ್ಯರಿಗೆ ಮಾತ್ರ, ಅದೂ ಉದ್ದೇಶ ತಿಳಿದ ಮೇಲೆ. ಪದಾಧಿಕಾರಿಗಳಿಗೆ ಸಂಬಳವಿರಲಿಲ್ಲ, ಲೆಕ್ಕ ಬರೆಯುವವನಿಗೆ ಮಾತ್ರ ಸಂಭಾವನೆ. ಲಾಭ ಹಂಚದೆ ಮೀಸಲು ನಿಧಿಗೆ ಸೇರುತ್ತಿತ್ತು. 1889ರ ಜರ್ಮನ್ ಸಹಕಾರ ಕಾಯ್ದೆ ಲೆಕ್ಕಪರಿಶೋಧನೆಯನ್ನು ಕಡ್ಡಾಯಗೊಳಿಸಿತು. 1934ರಿಂದ ಪ್ರತಿ ಸಂಘವೂ ಪರಿಶೋಧನಾ ಒಕ್ಕೂಟವೊಂದರ ಸದಸ್ಯನಾಗಿರಲೇಬೇಕು. ಅಲ್ಲಿ ಪರಿಶೀಲನೆಗೆ ಒಳಗಾಗುವುದು ಆಯವ್ಯಯ ಮಾತ್ರವಲ್ಲ, ಆಡಳಿತದ ನಡವಳಿಕೆಯೂ ಹೌದು. ನಂಬಿಕೆ ಇತ್ತು, ನಿಜ. ಮೊಟ್ಟೆಯ ಡಬ್ಬಿಯಂತೆ ಅದಕ್ಕೆ ಬೀಗವೂ ಇತ್ತು.

ಈ ವಿಚಾರ ನಮ್ಮ ನಾಡಿಗೆ ಬಂದದ್ದೂ ಸ್ಮರಣೀಯ. ಮದರಾಸು ಸರ್ಕಾರದ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ ಯೂರೋಪಿನ ಸಂಘಗಳನ್ನು ಅಭ್ಯಸಿಸಿ 1895 ಮತ್ತು 1897ರಲ್ಲಿ ವರದಿ ನೀಡಿದರು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷ, 1905ರಲ್ಲಿ, ಇಂದಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸ್ಥಾಪಿಸಿದ ಸಂಘವು ದೇಶದ ಸಹಕಾರ ಚಳವಳಿಯ ಮೊದಲ ಹೆಜ್ಜೆಯೆಂದು ಮಾನ್ಯವಾಗಿದೆ. ಅದೇ 1905ರಲ್ಲಿ ಮೈಸೂರು ಸಂಸ್ಥಾನವೂ ತನ್ನದೇ ಸಹಕಾರ ಕಾನೂನನ್ನು ತಂದಿತು. ವಿಶ್ವಸಂಸ್ಥೆ 2025ನ್ನು ಅಂತಾರಾಷ್ಟ್ರೀಯ ಸಹಕಾರ ವರ್ಷವೆಂದು ಸಾರಿದ್ದ ಕಾಲದಲ್ಲಿ ನಾನು ಆ ದಾರಿಯಲ್ಲಿ ನಡೆದದ್ದು ಆಕಸ್ಮಿಕ.

ಕಾನೂನಿನ ಕೊರತೆ ನಮಗಿಲ್ಲ. ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ, 1959ರ ಪ್ರಕಾರ ಪ್ರತಿವರ್ಷ ಲೆಕ್ಕಪರಿಶೋಧನೆ ಆಗಲೇಬೇಕು. ಆದರೆ ವಾರ್ಷಿಕ ಸಭೆಗೆ ಬರುವ ಎಷ್ಟು ಸದಸ್ಯರು ಆ ವರದಿಯ ಪುಟ ತಿರುವುತ್ತಾರೆ? ನಾನು ಕಂಡ ಸಭೆಗಳಲ್ಲಿ ಉಪಾಹಾರದ ಪೊಟ್ಟಣಕ್ಕಿದ್ದ ಸಾಲು ವರದಿಗೆ ಇರಲಿಲ್ಲ.

ಸಹಿಗೆ ಮುನ್ನ

ಊರಿಗೆ ಮರಳಿದ ವಾರದಲ್ಲೇ ಕಿರಿಯ ವ್ಯಾಪಾರಿಯೊಬ್ಬರು ನನ್ನ ಕಚೇರಿಗೆ ಬಂದು, ಸ್ನೇಹಿತನಿಗೆ ಜಾಮೀನು ಹಾಕಲೇ ಬೇಡವೇ ಎಂದು ಕೇಳಿದರು. ಮೊದಲಾಗಿದ್ದರೆ ಬೇಡವೆಂದು ಒಂದೇ ಮಾತಿನಲ್ಲಿ ಕಳುಹಿಸುತ್ತಿದ್ದೆ. ಈ ಬಾರಿ ನಾಲ್ಕು ಪ್ರಶ್ನೆ ಬರೆದುಕೊಟ್ಟೆ.

1. ಸಾಲದ ಮೊತ್ತ, ಬಡ್ಡಿ, ಉದ್ದೇಶ, ಹಿಂದಿನ ಬಾಕಿಗಳ ವಿವರವನ್ನು ಕಾಗದದಲ್ಲಿ ನೋಡಿದ್ದೀರಾ?

2. ಒಂದೇ ಸಾಲಕ್ಕೆ ಜಾಮೀನೋ, ಮುಂದಿನ ಸಾಲಗಳಿಗೂ ಅನ್ವಯಿಸುವ ಮುಂದುವರಿಯುವ ಜಾಮೀನೋ? ಎರಡನೆಯದನ್ನು 130ನೆಯ ಕಲಮಿನಂತೆ ಮುಂದಿನ ವ್ಯವಹಾರಗಳ ಮಟ್ಟಿಗೆ ನೋಟೀಸು ಕೊಟ್ಟು ಹಿಂಪಡೆಯಬಹುದು. ಆದರೆ ಜಾಮೀನುದಾರನ ಹಕ್ಕುಗಳನ್ನು ಬಿಟ್ಟುಕೊಡುವ ಷರತ್ತು ಪತ್ರದಲ್ಲಿದೆಯೇ ಎಂದು ಓದಬೇಕು.

3. ಜಾಮೀನು ನಿಂತ ಸಾಲ ನಿಮ್ಮ ಸಿಬಿಲ್ ವರದಿಯಲ್ಲೂ ಕಾಣಿಸುತ್ತದೆ. ನಾಳೆ ನಿಮಗೇ ಸಾಲ ಬೇಕಾದರೆ?

4. ಪೂರ್ಣ ಮೊತ್ತವನ್ನು ನೀವೇ ಕಟ್ಟಬೇಕಾಗಿ ಬಂದರೆ ಮನೆಯವರು ತಡೆದುಕೊಳ್ಳಬಲ್ಲರೇ? ಅವರಿಗೆ ಈ ವಿಷಯ ತಿಳಿಸಿದ್ದೀರಾ?

ಇಷ್ಟಕ್ಕೂ ಸಮಾಧಾನಕರ ಉತ್ತರವಿದ್ದರೆ ಸಹಿ ಮಾಡಿ ಎಂದೆ. ಒಬ್ಬರಿಗೊಬ್ಬರು ನಿಲ್ಲದೆ ವ್ಯಾಪಾರವೂ ಇಲ್ಲ, ಸಂಬಂಧವೂ ಇಲ್ಲ. ನನ್ನ ತಂದೆಯವರ ತಪ್ಪು ಸ್ನೇಹಿತನನ್ನು ನಂಬಿದ್ದಲ್ಲ, ಕಾಗದ ನೋಡದೆ ನಂಬಿದ್ದು. ಇಷ್ಟನ್ನು ತಿಳಿಯಲು ನನಗೆ ಮೂವತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು.

ಅಳಿಯಂದಿರು ಸಹಿ ಮಾಡಿದ ಆ ಘೋಷಣೆಯ ಪ್ರತಿಯನ್ನು ನಮ್ಮ ಪಾಸ್‌ಪೋರ್ಟ್‌ಗಳೊಂದಿಗೆ ಕಡತದಲ್ಲಿಟ್ಟಿದ್ದೇನೆ. ನಾಲ್ಕು ವಾರದಲ್ಲಿ ಅವರ ಹೊಣೆಗೆ ಒಂದು ಯೂರೋ ಕೂಡ ಬರಲಿಲ್ಲವೆಂಬುದನ್ನು ಲೆಕ್ಕಪರಿಶೋಧಕನಾಗಿ ದೃಢೀಕರಿಸುತ್ತೇನೆ.